ಅತ್ತೆಯ ಹಲ್ಲಿನ ಸದ್ದು

ಬೀದಿಯವರೆಲ್ಲ ಅವನನ್ನು ಹಲ್ಲಣ್ಣ ಎಂದೇ ಕರೆಯುತ್ತಿದ್ದರು. ಅವನ ಹಲ್ಲೇನೂ ಉಬ್ಬಿರಲಿಲ್ಲ. ಹಲ್ಲು ಕಟ್ಟುವುದು ಅವನ ಕಸುಬಾಗಿತ್ತು. ದಂತವೈದ್ಯರು ಬೊಚ್ಚುಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು. ಇವನು ಅದಕ್ಕೆ ಪ್ಲಾಸ್ಟರು ಸುರಿದು, ಗಟ್ಟಿಯಾದ ದವಡೆಯ ಮೇಲೆ ಮೇಣ ಕೂರಿಸಿ, ಮೇಣದಲ್ಲಿ ಒಂದೊಂದೇ ಹಲ್ಲನ್ನು ಸಸಿ ನೆಟ್ಟ ಹಾಗೆ ನೆಟ್ಟು, ಕೊನೆಗೆ ಮೇಣದ ಜಾಗಕ್ಕೆ ಗುಲಾಬಿ ಪ್ಲಾಸ್ಟಿಕ್ಕು ತುಂಬಿ ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ವಾಪಸು ಕಳಿಸುತ್ತಿದ್ದ. ಕನ್ನಡಕದ ಅಂಗಡಿಯೊಂದರ ಹಿಂದಿನ ಉದ್ದನೆಯ ಕೋಣೆಯಲ್ಲಿ ಅವನ ಕೆಲಸ. ಒಂದೇ ಕಿಟಕಿ. ಗೋಡೆಗೆ ಹೊಡೆದ ಹಲಗೆಗಳ ಮೇಲೆ ಸಾಲಾಗಿ ಬಿಳಿಯ ದವಡೆಗಳು. ಹೊಸಬರು ಒಳಗೆ ಕಾಲಿಟ್ಟರೆ ಒಂದು ಕ್ಷಣ ಬೆಚ್ಚಿಬೀಳುತ್ತಿದ್ದರು. ಹಲ್ಲಣ್ಣನಿಗೆ ಮಾತ್ರ ಆ ದವಡೆಗಳ ಮೇಲೆ ಬಲು ಪ್ರೀತಿ. ಎಷ್ಟು ದವಡೆಗಳಿದ್ದರೂ ಒಂದೂ ಮಾತಾಡುವುದಿಲ್ಲವಲ್ಲ ಎಂದು ಆಗಾಗ ತಮಾಷೆ ಮಾಡುತ್ತಿದ್ದ. ಅದು ಬರೀ ತಮಾಷೆಯಲ್ಲ ಎಂದು ಗೊತ್ತಿದ್ದದ್ದು ಅವನ ಹೆಂಡತಿಗೆ ಮಾತ್ರ.

ಹಲ್ಲಣ್ಣನ ಕಿವಿ ಚಿಕ್ಕಂದಿನಿಂದಲೂ ಒಂಥರಾ. ಗುಡುಗು ಸಿಡಿಲಿಗೆ ಅವನು ಹೆದರಿದವನಲ್ಲ. ರೈಲು ಹೋದರೂ ನಾಯಿ ಬೊಗಳಿದರೂ ಉಜ್ಜುವ ಮೋಟಾರು ದಿನವಿಡೀ ತಲೆಯ ಪಕ್ಕದಲ್ಲೇ ಕಿರುಚಿದರೂ ಅವನಿಗೆ ಏನೂ ಅನ್ನಿಸುತ್ತಿರಲಿಲ್ಲ. ತಡೆಯಲಾಗದೆ ಇದ್ದದ್ದು ಮನುಷ್ಯರ ಸದ್ದು. ಚಹಾ ಸೊರ್ರೆಂದು ಎಳೆಯುವುದು, ಮೂಗು ಸೀಟುವುದು, ಗಂಟಲು ಕೆರೆಯುವುದು, ಹಲ್ಲಿನ ಸಂದಿಯಿಂದ ಹಾಡು ಗುನುಗುವುದು, ಎಲ್ಲಕ್ಕಿಂತ ಹೆಚ್ಚಾಗಿ ಅಗಿಯುವುದು. ಎದುರಿಗೆ ಕೂತವರು ಬಾಯಾಡಿಸತೊಡಗಿದರೆ ಸಾಕು, ಅವನ ಕತ್ತಿನ ನರಗಳು ಹಗ್ಗದ ಹಾಗೆ ಬಿಗಿಯುತ್ತಿದ್ದವು. ಅಂಗೈ ಬೆವರುತ್ತಿತ್ತು. ಆಮೇಲೆ ಎಲ್ಲಿತ್ತೋ ಏನೋ, ಕೆಂಡದಂಥ ಕೋಪ ನುಗ್ಗಿ ಬರುತ್ತಿತ್ತು. ಸ್ವಭಾವದಲ್ಲಿ ಅವನು ಕೋಪಿಷ್ಠನಲ್ಲ. ಹಾಗಾಗಿ ಆ ಕೋಪ ಬಂದಾಗಲೆಲ್ಲ ಅದರ ಹಿಂದೆಯೇ ನಾಚಿಕೆಯೂ ಬರುತ್ತಿತ್ತು. ಹಸಿದು ಉಣ್ಣುವವರ ಮೇಲೆ ಸಿಟ್ಟಾಗುವವನು ಎಂಥ ಮನುಷ್ಯ ಎಂದು ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದ.

ಹುಡುಗನಾಗಿದ್ದಾಗ ಅಪ್ಪನ ಪಕ್ಕ ಊಟಕ್ಕೆ ಕೂತು, ತಡೆಯಲಾರದೆ ತಟ್ಟೆ ಎತ್ತಿಕೊಂಡು ಮಾಳಿಗೆಗೆ ಓಡಿದ್ದುಂಟು. ಅಪ್ಪ ಬೆನ್ನಿಗೆ ನಾಲ್ಕು ಬಿಟ್ಟಿದ್ದ. "ನಿನ್ನ ಕಿವಿಗೆ ಚರ್ಮ ಹಾಕೋದನ್ನೇ ಮರೆತುಬಿಟ್ರು ಕಣೋ" ಎಂದು ಅಮ್ಮ ನಿಟ್ಟುಸಿರು ಬಿಟ್ಟಿದ್ದಳು. ದೊಡ್ಡವನಾದ ಮೇಲೆ ಉಪಾಯಗಳನ್ನು ಕಲಿತ. ಕೆಲಸದ ಕೋಣೆಯಲ್ಲಿ ಜೊತೆಗಾರ ಚಹಾದ ಲೋಟ ಎತ್ತಿದ ಕೂಡಲೇ ಇವನು ಮೋಟಾರು ಹಾಕುತ್ತಿದ್ದ. "ಇವನಿಗೆ ನಾನು ಚಹಾ ಕುಡಿಯೋವಾಗಲೇ ಕೆಲಸ ನೆನಪಾಗೋದು" ಎಂದು ಆತ ಗೊಣಗುತ್ತಿದ್ದ.

ಹೆಂಡತಿ ಔಷಧದ ಅಂಗಡಿಯ ಕೌಂಟರಿನಲ್ಲಿ ನಿಂತು ದುಡಿಯುವವಳು. ಮದುವೆಯಾದ ಹೊಸದರಲ್ಲೇ ಗಂಡನ ರೋಗ ಅರ್ಥಮಾಡಿಕೊಂಡಳು. ಸೇಬು, ಸೌತೆಕಾಯಿಗಳನ್ನೆಲ್ಲ ಅಂಗಡಿಯಲ್ಲೇ ತಿಂದು ಮುಗಿಸಿ ಬರುತ್ತಿದ್ದಳು. "ನಮ್ಮ ಮನೇಲಿ ಬಿಸ್ಕತ್ತನ್ನೂ ನೆನೆಸಿಯೇ ತಿನ್ನಬೇಕು, ಗೊತ್ತಾ?" ಎಂದು ಗೆಳತಿಯರ ಮುಂದೆ ನಗುತ್ತಿದ್ದಳು. ಮಕ್ಕಳಾಗಲಿಲ್ಲ. ಅವಳು ಅತ್ತಳು, ಇವನು ಸಮಾಧಾನ ಮಾಡಿದ. ಆದರೆ ಮನೆ ಸದ್ದಿಲ್ಲದೆ ಉಳಿಯಿತಲ್ಲ ಎಂದು ಒಳಗೊಳಗೇ ಒಮ್ಮೊಮ್ಮೆ ಹಗುರವಾಗಿದ್ದೂ ನಿಜ. ಅದನ್ನು ಅವನು ಯಾರ ಮುಂದೂ ಬಾಯಿಬಿಟ್ಟಿರಲಿಲ್ಲ.

ಹೀಗಿರುವಾಗ ಅತ್ತೆ ಬಂದಳು.

ಅತ್ತೆ ಹರೆಯದಿಂದ ಮುಪ್ಪಿನವರೆಗೆ ಮಾರುಕಟ್ಟೆಯ ಬಾಗಿಲಲ್ಲಿ ಪಾತ್ರೆ ಮಾರಿದ ಹೆಂಗಸು. ಸುತ್ತ ಹತ್ತು ಜನ ತಟ್ಟೆ ಬಡಿಯುತ್ತಿರುವಾಗ ಅದರ ಮೇಲೆ ತನ್ನ ಕೂಗು ಕೇಳಿಸಬೇಕು. ಅವಳ ಗಂಟಲು ತಯಾರಾದದ್ದೇ ಹಾಗೆ. ಮಂಡಿನೋವು ಬಂದು ವ್ಯಾಪಾರ ನಿಂತ ಮೇಲೆ, ಒಬ್ಬಳೇ ಯಾಕೆ ಇರಬೇಕೆಂದು ಮಗಳೇ ಹೋಗಿ ಕರೆತಂದಳು. ಗಂಡನನ್ನು ಕೇಳಿಯೇ ಕರೆತಂದದ್ದು. ಅವನೂ ಒಳ್ಳೆಯ ಮನಸ್ಸಿನಿಂದಲೇ ಹೂಂ ಅಂದಿದ್ದ. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಬಟ್ಟೆ ಒಣಗಿಸುವ ಸಣ್ಣ ಬಾಲ್ಕನಿ, ಇಷ್ಟೇ ಇದ್ದ ಮನೆ ಅತ್ತೆಯ ದನಿಗೆ ತುಂಬಿಹೋಯಿತು. ಅವಳು ಬೆಳಗ್ಗೆ ಎದ್ದಾಗ ಆಕಳಿಸಿದ್ದು ಕೆಳಮನೆಯ ಹೊಲಿಗೆಯವಳಿಗೂ ಕೇಳಿಸುತ್ತಿತ್ತು.

ಬರುವಾಗ ಅತ್ತೆಯ ಬಾಯಲ್ಲಿ ಉಳಿದಿದ್ದದ್ದು ಅಲ್ಲೊಂದು ಇಲ್ಲೊಂದು ಹಲ್ಲು. ಅವನ್ನೂ ಕಿತ್ತಾದ ಮೇಲೆ ಹಲ್ಲಣ್ಣ ತನ್ನ ಕೈಯಾರೆ ಅವಳಿಗೆ ಪೂರ್ತಿ ಸೆಟ್ಟು ಮಾಡಿದ. ಅಷ್ಟು ಅಕ್ಕರೆಯಿಂದ ಅವನು ಬೇರೆ ಯಾರಿಗೂ ಮಾಡಿರಲಿಲ್ಲ. ತೀರಾ ಬಿಳುಪಾದರೆ ಅಂಗಡಿಯಿಂದ ತಂದ ಹಾಗೆ ಕಾಣುತ್ತದೆಂದು ಸ್ವಲ್ಪ ಹಳದಿ ಬೆರೆತ ಬಣ್ಣ ಆರಿಸಿದ. ಮುಂದಿನ ಎರಡು ಹಲ್ಲುಗಳನ್ನು ಒಂಚೂರು ಓರೆಯಾಗಿ ಕೂರಿಸಿದ. ಹಳೆಯ ಫೋಟೋದಲ್ಲಿ ಅವಳ ಹಲ್ಲು ಹಾಗಿದ್ದವು. ಹಲ್ಲಿನ ಡಾಕ್ಟರಮ್ಮನ ಕುರ್ಚಿಯಲ್ಲಿ ಕೂತು ಕನ್ನಡಿ ನೋಡಿಕೊಂಡ ಅತ್ತೆ, "ಅಯ್ಯೋ, ಇದು ನಂದೇ ಬಾಯಿ! ಎಲ್ಲಿಗೆ ಹೋಗಿತ್ತು ಇಷ್ಟು ದಿನ?" ಎಂದು ಕೂಗಿದಳು. ಮನೆಗೆ ಬರುವಾಗ ಮೆಟ್ಟಿಲ ಬಳಿಯೇ ಹೊಲಿಗೆಯವಳನ್ನು ಹಿಡಿದು ನಿಲ್ಲಿಸಿ, "ನನ್ನ ಅಳಿಯ ಮಾಡಿದ್ದು. ಎಳೆದು ನೋಡು ಬೇಕಾದ್ರೆ, ಅಲ್ಲಾಡಲ್ಲ" ಎಂದು ಬಾಯಿ ತೆರೆದು ತೋರಿಸಿದಳು. ಹಲ್ಲಣ್ಣ ಹೆಮ್ಮೆಯಿಂದ ಕಿವಿಯವರೆಗೆ ಕೆಂಪಾದ.

ಹೆಮ್ಮೆ ಬಹಳ ದಿನ ಉಳಿಯಲಿಲ್ಲ. ಹಲ್ಲು ಬಂದ ಅತ್ತೆ ಪ್ರಪಂಚವನ್ನೇ ಅಗಿಯಲು ಹೊರಟವಳಂತೆ ಆಡತೊಡಗಿದಳು. ಹುರಿದ ಕಡಲೆಕಾಯಿ, ಗಟ್ಟಿ ರಸ್ಕು, ಹಸಿ ಕ್ಯಾರೆಟ್ಟು. ಜೊತೆಗೆ ಮಾತು. ಬಾಯಿ ತುಂಬ ತುತ್ತು ಇಟ್ಟುಕೊಂಡೇ ಮಾರುಕಟ್ಟೆಯ ಕತೆ ಶುರುವಾಗುತ್ತಿತ್ತು. ಕತೆ ಸ್ವಾರಸ್ಯವಾಗಿಯೇ ಇರುತ್ತಿತ್ತು; ಹೆಂಡತಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಹಲ್ಲಣ್ಣ ಮಾತ್ರ ತಟ್ಟೆ ಬಿಟ್ಟು ಕಣ್ಣೆತ್ತದೆ, ಮೇಜಿನ ಕೆಳಗೆ ಬೆರಳುಗಳನ್ನು ಹಿಸುಕಿಕೊಳ್ಳುತ್ತ ಕೂತಿರುತ್ತಿದ್ದ. "ಇವನೊಬ್ಬ ಮುಗುಮ್ಮು" ಎಂದು ಅತ್ತೆ ಪ್ರೀತಿಯಿಂದಲೇ ಅವನ ಬೆನ್ನು ತಟ್ಟುತ್ತಿದ್ದಳು.

ಒಂದು ಕೊಳ ಅವನಿಗೆ ಸಿಕ್ಕಿದ್ದು ಆ ದಿನಗಳಲ್ಲೇ. ನಡೆಯಲಾಗದ ಮುದುಕರೊಬ್ಬರಿಗೆ ಸೆಟ್ಟು ಕೊಟ್ಟುಬರಲು ಕೊನೆಯ ಬಸ್‌ಸ್ಟಾಪಿನ ಆಚೆ ಹೋಗಿದ್ದ. ವಾಪಸು ಬರುವಾಗ ದಾರಿ ತಪ್ಪಿ ಮುಚ್ಚಿಹೋದ ಇಟ್ಟಿಗೆ ಕಾರ್ಖಾನೆಯ ಹಿಂದೆ ಬಂದ. ಇಟ್ಟಿಗೆಗೆಂದು ಮಣ್ಣು ತೆಗೆದ ಹಳ್ಳಗಳಲ್ಲಿ ನೀರು ನಿಂತು, ಒಂದಕ್ಕೊಂದು ಕೂಡಿಕೊಂಡು ದೊಡ್ಡ ಕೊಳವಾಗಿತ್ತು. ಸುತ್ತ ಆಳೆತ್ತರದ ಜೊಂಡು. ಒಡೆದ ಇಟ್ಟಿಗೆಗಳ ಗುಡ್ಡೆಯ ಮೇಲೆ ಕೂತ. ಸದ್ದಿಗೇನೂ ಅಲ್ಲಿ ಕಡಿಮೆಯಿರಲಿಲ್ಲ. ಜೊಂಡು ಒಂದಕ್ಕೊಂದು ಉಜ್ಜಿಕೊಳ್ಳುತ್ತಿತ್ತು. ಕಪ್ಪೆಗಳು ವಟಗುಟ್ಟುತ್ತಿದ್ದವು. ಎರಡು ನೀರುಕೋಳಿಗಳು ಯಾವುದೋ ಹಳೆಯ ವ್ಯಾಜ್ಯ ಮುಂದಿಟ್ಟುಕೊಂಡು ಕಿತ್ತಾಡುತ್ತಿದ್ದವು. ಆದರೆ ಅದರಲ್ಲಿ ಒಂದೂ ಅವನ ಕತ್ತಿಗೆ ತಾಗಲಿಲ್ಲ. ಯಾರಿಗೂ ಉತ್ತರ ಕೊಡಬೇಕಾಗಿರಲಿಲ್ಲ, ಯಾರ ಮುಂದೂ ಮುಖ ಸರಿಮಾಡಿಕೊಳ್ಳಬೇಕಾಗಿರಲಿಲ್ಲ. ಎಷ್ಟೋ ವರ್ಷಗಳಿಂದ ಕಿವಿಯ ಹತ್ತಿರಕ್ಕೆ ಏರಿ ಕೂತಿದ್ದ ಭುಜಗಳು ತಾವಾಗಿಯೇ ಕೆಳಗಿಳಿದವು. ಮಿಂಚುಳ್ಳಿಯೊಂದು ನೀಲಿ ಗೆರೆ ಎಳೆದ ಹಾಗೆ ನೀರಿನ ಮೇಲೆ ಹಾದುಹೋಯಿತು. ಅವನು ಅಲ್ಲೇ, ಇಟ್ಟಿಗೆಗೆ ತಲೆಯಿಟ್ಟು, ಮಗುವಿನ ಹಾಗೆ ನಿದ್ದೆ ಹೋದ.

ಅಂದು ಮನೆಗೆ ತಡವಾಗಿ ಬಂದಾಗ, "ಕೆಲಸ ಜಾಸ್ತಿಯಿತ್ತು" ಅಂದ. ಆ ಸುಳ್ಳು ಬೆಣ್ಣೆಯ ಹಾಗೆ ಬಾಯಿಂದ ಜಾರಿತು. ಮೊದಲು ವಾರಕ್ಕೊಮ್ಮೆ, ಆಮೇಲೆ ಎರಡು ಮೂರು ಸಲ. ಸಂಜೆಯಾದರೆ ಬಸ್ಸು ಹತ್ತಿ ಕೊಳಕ್ಕೆ ಹೋಗಿಬಿಡುತ್ತಿದ್ದ. ಹೆಂಡತಿ ಪಾಪ, ಗಂಡ ದುಡಿದು ಸಣ್ಣಗಾಗುತ್ತಿದ್ದಾನೆಂದು ಶಕ್ತಿಯ ಮಾತ್ರೆ ತಂದುಕೊಡುತ್ತಿದ್ದಳು. ಅತ್ತೆಯಂತೂ ಅಳಿಯ ಬರುವ ತನಕ ತಟ್ಟೆ ಮುಟ್ಟುತ್ತಿರಲಿಲ್ಲ. "ಮನೆಯ ಗಂಡಸು ಅಲ್ಲಿ ಹಸ್ಕೊಂಡು ದುಡೀತಿರೋವಾಗ ನಾನಿಲ್ಲಿ ಹೇಗೆ ತಿನ್ಲಿ?" ಅನ್ನುತ್ತಿದ್ದಳು. ಬಾಗಿಲು ತೆರೆದಾಗ ಇಬ್ಬರೂ ಖಾಲಿ ತಟ್ಟೆ ಮುಂದಿಟ್ಟುಕೊಂಡು ಕಾಯುತ್ತಿರುವುದನ್ನು ಕಂಡರೆ ಅವನಿಗೆ ತನ್ನ ಸುಳ್ಳು ನೆನಪಾಗಿ ಸಂಕಟವಾಗುತ್ತಿತ್ತು. ಎರಡು ನಿಮಿಷ ಅಷ್ಟೇ. ಅಗಿಯುವ ಸದ್ದು ಶುರುವಾದರೆ ಆ ಸಂಕಟವೂ ಮರೆತುಹೋಗುತ್ತಿತ್ತು.

ಕೆಲವು ವರ್ಷ ಕಳೆದ ಮೇಲೆ ಅತ್ತೆಯ ಸೆಟ್ಟು ಸಡಿಲವಾಯಿತು. ಅದು ಎಲ್ಲರಿಗೂ ಆಗುವಂಥದ್ದೇ. ಹಲ್ಲು ಹೋದ ಒಸಡು ನದಿಯ ದಡದ ಹಾಗೆ ಸವೆಯುತ್ತ ಹೋಗುತ್ತದೆ, ಅದರ ಮೇಲಿನ ಸೆಟ್ಟು ಕುಣಿಯತೊಡಗುತ್ತದೆ. ಒಳಗಡೆ ಹೊಸ ಪದರ ಕೊಟ್ಟರೆ ಮತ್ತೆ ಗಟ್ಟಿಯಾಗಿ ಕೂರುತ್ತದೆ. ಹಲ್ಲಣ್ಣನಿಗೆ ಅದು ಒಂದು ಸಂಜೆಯ ಕೆಲಸ. ಬೇರೆಯವರ ಸೆಟ್ಟುಗಳಿಗೆ ಅವನು ದಿನಾ ಮಾಡುತ್ತಿದ್ದ ಕೆಲಸ. ಅತ್ತೆ ಅಗಿದಾಗಲೆಲ್ಲ ಮೇಲಿನ ಹಲ್ಲು ಕೆಳಗಿನದಕ್ಕೆ ಬಡಿದು ಟಕ್ ಟಕ್ ಎನ್ನುವುದು ಮೊದಲು ಕೇಳಿಸಿದ್ದೇ ಅವನಿಗೆ. ಕೇಳಿಸಿದ ಕೂಡಲೇ ಕಾರಣವೂ ಗೊತ್ತಾಗಿತ್ತು. ಆದರೂ ಮಾಡಲಿಲ್ಲ. ಮಾಡಬೇಕಾದರೆ ಅತ್ತೆಯನ್ನು ಎದುರಿಗೆ ಕೂರಿಸಿಕೊಂಡು, ಬಾಯಿ ತೆರೆಸಿ, ಅವಳ ಮಾತು ಉಗುಳು ಉಸಿರುಗಳ ನಡುವೆ ಒಂದಿಡೀ ಸಂಜೆ ಕಳೆಯಬೇಕು. ಅಷ್ಟು ಹೊತ್ತು ಸಿಕ್ಕಿದರೆ ಅವನು ಕೊಳಕ್ಕೆ ಹೋಗುತ್ತಿದ್ದ. ನಾಳೆ ಮಾಡಿದರಾಯಿತು, ಬರುವ ವಾರ ಮಾಡಿದರಾಯಿತು ಎಂದು ದಿನ ತಳ್ಳಿದ.

ಒಂದು ದಿನ ಹೆಂಡತಿ ಅಂಗಡಿಯಿಂದ ಇನ್ನೂ ಬಂದಿರಲಿಲ್ಲ. ಅತ್ತೆ, ಅಳಿಯ ಇಬ್ಬರೇ ಊಟಕ್ಕೆ ಕೂತಿದ್ದರು. ಅಂದು ಮಳೆ ಹಿಡಿದು ಅವನಿಗೆ ಕೊಳಕ್ಕೆ ಹೋಗಲಾಗಿರಲಿಲ್ಲ. ಅತ್ತೆ ಯಾರೋ ಗಿರಾಕಿ ತೂತುಬಿದ್ದ ಪಾತ್ರೆ ವಾಪಸು ತಂದ ಕತೆ ಹೇಳುತ್ತಿದ್ದಳು. ಮಾತಿಗೊಂದು ಟಕ್, ತುತ್ತಿಗೊಂದು ಟಕ್. ಹಲ್ಲಣ್ಣನ ಕೈ ಅವನಿಗೆ ಅರಿವಿಲ್ಲದೆಯೇ ಮೇಜನ್ನು ಬಡಿಯಿತು. ಲೋಟ ಉರುಳಿ ನೀರು ಚೆಲ್ಲಿತು.

"ಅತ್ತೆ, ನಿಮಗೆ ಕೈ ಮುಗೀತೀನಿ! ಸದ್ದಿಲ್ಲದೆ ತಿನ್ನೋಕೆ ಬರೋದೇ ಇಲ್ವಾ ನಿಮಗೆ? ದಿನಾ ಟಕಟಕ ಟಕಟಕ! ಮನೇಲಿ ಕುದುರೆ ಕಟ್ಟಿದ ಹಾಗಾಗಿದೆ!"

ಅತ್ತೆಯ ಬಾಯಿ ನಿಂತುಹೋಯಿತು. ಒಳಗಿದ್ದ ತುತ್ತನ್ನು ಏನು ಮಾಡಬೇಕೆಂದು ತಿಳಿಯದವಳಂತೆ ಸ್ವಲ್ಪ ಹೊತ್ತು ಕೂತಿದ್ದಳು. ಆಮೇಲೆ ಅಗಿಯದೆಯೇ, ಕಷ್ಟಪಟ್ಟು ನುಂಗಿದಳು.

"ಗೊತ್ತಾಗಲಿಲ್ಲಪ್ಪ," ಅಂದಳು. "ಕಿವಿ ಸ್ವಲ್ಪ ಮಂದ ನೋಡು. ನನಗೇ ಕೇಳ್ಸಲ್ಲ."

ಚೆಲ್ಲಿದ ನೀರನ್ನು ಅವಳೇ ಎದ್ದು ಒರೆಸಿದಳು. ಆಗಲೇ ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ತಪ್ಪಾಯಿತು ಅನ್ನುವುದೂ ಬೇಡ, ಸೆಟ್ಟು ಸಡಿಲವಾಗಿದೆ ಕೊಡಿ ಸರಿಮಾಡುತ್ತೇನೆ ಅಂದಿದ್ದರೆ ಸಾಕಿತ್ತು. ಅವನು ಕೈ ತೊಳೆದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಮಾರನೆಯ ದಿನದಿಂದ ಅತ್ತೆ ಅವರ ಜೊತೆ ಊಟಕ್ಕೆ ಕೂರಲಿಲ್ಲ. "ನನಗೆ ಸಂಜೆಗೇ ಹಸಿವಾಗುತ್ತೆ ಕಣೇ, ವಯಸ್ಸಾಯ್ತಲ್ಲ" ಎಂದು ಮಗಳಿಗೆ ಹೇಳಿದಳು. ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ, ಅಡುಗೆಮನೆಯ ಮೂಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿಕೊಂಡು ತಿಂದು ಮುಗಿಸುತ್ತಿದ್ದಳು. ಸೆಟ್ಟು ಮೊದಮೊದಲು ಹೊರಗೆ ಹೋಗುವಾಗಲಾದರೂ ಬಾಯಿಗೆ ಬರುತ್ತಿತ್ತು. ಆಮೇಲೆ ಅದೂ ನಿಂತಿತು. ಹಲ್ಲಿಲ್ಲದ ಬಾಯಲ್ಲಿ ಮಾತು ತೊದಲುತ್ತದೆಂದೋ ಏನೋ, ಮಾತೂ ಕಡಿಮೆಯಾಯಿತು. ಹಲ್ಲಣ್ಣ ಇದನ್ನೆಲ್ಲ ಕಂಡ, ಕಂಡೂ ಕಾಣದವನ ಹಾಗಿದ್ದ. ಮಂಚದ ಪಕ್ಕದ ಗೂಡಿನಲ್ಲಿ ಅವನೇ ಮಾಡಿದ ಹಲ್ಲು ಬಟ್ಟೆಯಲ್ಲಿ ಸುತ್ತಿಟ್ಟಿರುವುದನ್ನೂ ಒಮ್ಮೆ ನೋಡಿದ. ನೋಡಿ, ಮತ್ತೆ ಹಾಗೆಯೇ ಸುತ್ತಿಟ್ಟ.

ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಆ ತಿಂಗಳುಗಳಲ್ಲಿ ಅವನಿಗೆ ಮನೆ ಹಿತವಾಗಿತ್ತು. ಊಟದ ಹೊತ್ತಿಗೆ ಕತ್ತು ಬಿಗಿಯುತ್ತಿರಲಿಲ್ಲ, ನಿದ್ದೆ ಚೆನ್ನಾಗಿ ಬರುತ್ತಿತ್ತು. ಹೆಂಡತಿಯ ಜೊತೆ ನಗುನಗುತ್ತ ಮಾತಾಡಿದ್ದೂ ಆಗಲೇ. ಆಮೇಲೆ ಅವನನ್ನು ಹೆಚ್ಚು ಚುಚ್ಚಿದ್ದು ಆ ಒಂದು ಸಂಜೆಯ ಕೂಗಾಟಕ್ಕಿಂತ, ಈ ಸುಖದ ನೆನಪು.

"ಅಮ್ಮನ ಬಟ್ಟೆಯೆಲ್ಲ ಜೋಲಾಡ್ತಿದೆ, ಗಮನಿಸಿದ್ಯಾ?" ಎಂದು ಹೆಂಡತಿ ಒಂದು ದಿನ ಕೇಳಿದಳು. ಅವಳ ಮುಖ ಬಿಳಿಚಿಕೊಂಡಿತ್ತು. ಔಷಧದ ಅಂಗಡಿಯಲ್ಲಿ ದುಡಿಯುವವಳಿಗೆ ಇಲ್ಲದ ರೋಗಗಳೆಲ್ಲ ನೆನಪಾಗುತ್ತವೆ. ಆಸ್ಪತ್ರೆಗೆ ಕರೆದುಕೊಂಡು ಹೋದರು. ರಕ್ತ ತೆಗೆದರು, ಫೋಟೋ ತೆಗೆದರು, ಇನ್ನೊಂದು ದಿನ ಬನ್ನಿ ಅಂದು ಮತ್ತೆ ರಕ್ತ ತೆಗೆದರು. ಅತ್ತೆಯ ತೋಳಿನಲ್ಲಿ ನರ ಸಿಗದೆ ನರ್ಸು ಅಲ್ಲಲ್ಲಿ ಚುಚ್ಚಿ ನೋಡಬೇಕಾಯಿತು. ಹಲ್ಲಣ್ಣ ಪಕ್ಕದ ಬೆಂಚಿನಲ್ಲೇ ಕೂತಿದ್ದ. ಕಾರಣ ಅವನಿಗೆ ಅರ್ಧ ಗೊತ್ತಿತ್ತು. ಉಳಿದರ್ಧವನ್ನು ಗೊತ್ತುಮಾಡಿಕೊಳ್ಳುವ ಧೈರ್ಯವಿರಲಿಲ್ಲ. ನಿಜವಾಗಿಯೂ ಏನಾದರೂ ರೋಗವೇ ಇದ್ದುಬಿಟ್ಟರೆ ತನ್ನ ತಪ್ಪು ಕರಗಿಹೋಗುತ್ತದಲ್ಲ ಎಂಬ ಯೋಚನೆ ಒಂದು ಸಲ ತಲೆಯಲ್ಲಿ ಸುಳಿಯಿತು. ಸುಳಿದದ್ದೇ ಅವನಿಗೆ ತನ್ನ ಬಗ್ಗೆ ಹೇಸಿಗೆಯಾಯಿತು. ಆದರೂ ತುಟಿ ಬಿಚ್ಚಲಿಲ್ಲ.

ಪರೀಕ್ಷೆಗಳಲ್ಲಿ ಏನೂ ಕಾಣಲಿಲ್ಲ. ವಯಸ್ಸಾದ ಡಾಕ್ಟರು ಕಾಗದಗಳನ್ನು ಬದಿಗಿಟ್ಟು, "ಅಜ್ಜಿ, ದಿನಾ ಏನು ತಿಂತೀರಿ?" ಎಂದು ಕೇಳಿದರು.

"ಬ್ರೆಡ್ಡು, ಹಾಲು. ಸಾಕಾಗುತ್ತೆ ನನಗೆ."

"ಎಲ್ಲಿ, ಬಾಯಿ ತೆರೀರಿ. ಹಲ್ಲಿನ ಸೆಟ್ಟು ಇಲ್ವಾ?"

ಅತ್ತೆ ಅಳಿಯನ ಕಡೆ ನೋಡಲಿಲ್ಲ. ನೋಡಬಾರದೆಂದೇ ಕಿಟಕಿಯ ಕಡೆ ತಿರುಗಿದಳು. "ಇತ್ತು. ಕಳೆದುಹೋಯ್ತು. ಎಲ್ಲಿಟ್ಟೆನೋ, ಮರೆವು ನೋಡಿ."

"ಕಳೆದುಹೋಯ್ತಾ?" ಹೆಂಡತಿ ಅರ್ಧ ಅಳು, ಅರ್ಧ ನಗುವಿನಲ್ಲಿ ಕಿರುಚಿದಳು. "ಮನೇಲಿ ಹಲ್ಲು ಕಟ್ಟೋ ಅಳಿಯನನ್ನೇ ಇಟ್ಕೊಂಡು ಬ್ರೆಡ್ಡು ಹಾಲಲ್ಲಿ ದಿನ ದೂಡಿದ್ಯಾ? ಒಂದು ಮಾತು ಹೇಳಬಾರದಿತ್ತೇನಮ್ಮ?"

"ಅವನಿಗೇ ನೂರೆಂಟು ಕೆಲಸ. ಯಾಕೆ ತೊಂದರೆ ಅಂತ..."

ಡಾಕ್ಟರು ನಕ್ಕರು. ಹೆಂಡತಿ ಅಮ್ಮನನ್ನು ತಬ್ಬಿಕೊಂಡಳು. ಎಲ್ಲರಿಗೂ ಎದೆಯ ಮೇಲಿನ ಕಲ್ಲು ಇಳಿದಿತ್ತು. ಹಲ್ಲಣ್ಣನ ಎದೆಯ ಮೇಲೆ ಮಾತ್ರ ಆಗಲೇ ಅದು ಬಂದು ಕೂತಿತು. ಮನೆಗೆ ಬರುವ ದಾರಿಯುದ್ದಕ್ಕೂ ಹೆಂಡತಿ ಅವನ ತೋಳು ಹಿಡಿದುಕೊಂಡು, "ನೀನಿದ್ದೀಯಲ್ಲ, ಒಂದು ವಾರದಲ್ಲಿ ಹೊಸದು ಮಾಡ್ತೀಯ" ಎನ್ನುತ್ತಿದ್ದಳು. ಅತ್ತೆ ಅವನಿಗಾಗಿ ಹೇಳಿದ ಸುಳ್ಳಿನ ನೆರಳಲ್ಲಿ ಅವನು ತಲೆ ತಗ್ಗಿಸಿಕೊಂಡು ನಡೆದ.

ಅಚ್ಚು ತೆಗೆಯಲು ಡಾಕ್ಟರಮ್ಮನ ಕೋಣೆಗೆ ಅವನೇ ಜೊತೆಗೆ ಹೋದ. ಡಾಕ್ಟರಮ್ಮ ಇನ್ನೊಬ್ಬ ರೋಗಿಯನ್ನು ನೋಡಲು ಆಚೆ ಹೋಗಿದ್ದಾಗ, ಅಚ್ಚಿನ ಮುದ್ದೆ ಗಟ್ಟಿಯಾಗುವ ತನಕ ಅವಳ ಬಾಯೊಳಗಿನ ಅಚ್ಚಿನ ತಟ್ಟೆಯನ್ನು ಅವನೇ ಹಿಡಿದುಕೊಂಡಿದ್ದ. ಅವಳ ಕೆನ್ನೆಯ ಮೂಳೆ ಅವನ ಅಂಗೈಗೆ ಒತ್ತುತ್ತಿತ್ತು. ತಟ್ಟೆ ಇಡುವ ಮೊದಲೇ ಒಸಡು ಅಲ್ಲಲ್ಲಿ ಕೆಂಪಗೆ ಗಾಯವಾಗಿ, ಆಮೇಲೆ ಜಡ್ಡುಗಟ್ಟಿದ್ದು ಅವನಿಗೆ ಕಂಡಿತ್ತು. ಅಂದರೆ ಯಾರೂ ಇಲ್ಲದಾಗ ಬರೀ ಒಸಡಿನಲ್ಲೇ ರಸ್ಕು ತಿನ್ನಲು ನೋಡಿದ್ದಾಳೆ. ತಟ್ಟೆ ಹೊರಗೆ ಬಂದ ಮೇಲೆ ಅತ್ತೆ ಬಾಯಿ ಮುಕ್ಕಳಿಸಿ, ಸೆರಗಿನಿಂದ ತುಟಿ ಒರೆಸಿಕೊಂಡು, ಬೇರೆ ಯಾರಿಗೂ ಕೇಳದ ಹಾಗೆ ಮೆಲ್ಲಗೆ ಅಂದಳು:

"ಈ ಸಲ ಸದ್ದು ಬರದ ಹಾಗೆ ಮಾಡಪ್ಪ."

ಚುಚ್ಚಬೇಕೆಂದು ಹೇಳಿದ್ದಲ್ಲ. ನಿಜವಾಗಿ ಕೇಳಿಕೊಂಡದ್ದು. ಹಲ್ಲಣ್ಣನಿಗೆ ಕೈಯಲ್ಲಿದ್ದ ತಟ್ಟೆ ಭಾರವಾಯಿತು. "ಹೂಂ" ಅಂದ.

ಅಂದು ಸಂಜೆ ಕಾಲು ಅಭ್ಯಾಸಬಲದಿಂದ ಅವನನ್ನು ಕೊಳಕ್ಕೆ ಒಯ್ದಿತು. ನೀರುಕೋಳಿ ಮರಿ ಮಾಡಿತ್ತು. ಕಪ್ಪು ಹತ್ತಿಯುಂಡೆಗಳ ಹಾಗೆ ಅವು ಜೊಂಡಿನ ಬುಡದಲ್ಲಿ ತೇಲುತ್ತಿದ್ದವು. ಗಾಳಿ, ನೀರು, ಕಪ್ಪೆ ಎಲ್ಲವೂ ಎಂದಿನ ಹಾಗೇ ಇದ್ದವು. ಅವನಿಗೆ ಕೂರಲಾಗಲಿಲ್ಲ. ಇಲ್ಲಿ ತಾನು ಸುಖವಾಗಿ ಕೂತಿದ್ದಾಗಲೆಲ್ಲ ಅಲ್ಲೊಬ್ಬಳು ಗೋಡೆಗೆ ಮುಖ ಮಾಡಿಕೊಂಡು ಬ್ರೆಡ್ಡು ನುಂಗುತ್ತಿದ್ದಳು ಎಂಬುದು ಬಿಟ್ಟು ಬೇರೇನೂ ತಲೆಗೆ ಹತ್ತಲಿಲ್ಲ. ಮುಂದಿನ ಬಸ್ಸಿಗೇ ಹಿಂತಿರುಗಿದ.

ಹೆಂಡತಿ ಹಿಂದಿನ ಬಾಲ್ಕನಿಯಲ್ಲಿ ಬಟ್ಟೆ ತೆಗೆಯುತ್ತಿದ್ದಳು. ಅವನು ಎಲ್ಲವನ್ನೂ ಹೇಳಿದ: ಕೂಗಾಡಿದ್ದು, ಸೆಟ್ಟು ಕಳೆದಿಲ್ಲ, ಗೂಡಿನಲ್ಲಿದೆ ಎನ್ನುವುದು, ಅದನ್ನು ಸರಿಮಾಡಲು ತನಗೆ ಬರುತ್ತಿದ್ದರೂ ಮಾಡದೆ ಬಿಟ್ಟದ್ದು, ಕೊಳ, ಹೆಚ್ಚಿನ ಕೆಲಸದ ಸುಳ್ಳು. ಹೆಂಡತಿ ಒಣಗಿದ ಟವೆಲನ್ನು ಎದೆಗೆ ಹಿಡಿದುಕೊಂಡು ಕೇಳಿಸಿಕೊಂಡಳು. ಅವಳು ಬೈಯುತ್ತಾಳೆ, ಬೈದರೆ ಹಗುರವಾಗುತ್ತದೆ ಎಂದುಕೊಂಡಿದ್ದ.

"ಎಷ್ಟು ಸಲ ಚುಚ್ಚಿದ್ರು ಅವಳಿಗೆ," ಅಂದಳು ಅವಳು, ಬಹಳ ಮೆಲ್ಲಗೆ. "ನೀನು ಪಕ್ಕದಲ್ಲೇ ಕೂತಿದ್ದೆ."

"ನನ್ನ ಕಿವಿ... ನಿನಗೆ ಗೊತ್ತಲ್ಲ..."

"ಕಿವಿಯದ್ದು ಗೊತ್ತು. ಕಿವಿಗೆ ನಾನು ಯಾವತ್ತಾದ್ರೂ ಏನಾದ್ರೂ ಅಂದಿದ್ದೀನಾ? ಬಾಯಿ ಇತ್ತಲ್ಲ ನಿನಗೆ. ಅದಕ್ಕೇನಾಗಿತ್ತು?"

ಟವೆಲು ಮಡಚಿ ಒಳಗೆ ಹೋದಳು. ಆಮೇಲೆ ಬಹಳ ದಿನ ಬೇಕಾದಷ್ಟೇ ಮಾತು. ಅವನು ಅದಕ್ಕೆ ಎದುರಾಡಲಿಲ್ಲ.

ಅತ್ತೆಗೆ ಮಾತ್ರ ಹೇಳುವ ಕೆಲಸ ಇನ್ನೂ ಬಾಕಿಯಿತ್ತು. ಹೊಸ ಸೆಟ್ಟು ತಯಾರಾದ ದಿನ ಅದನ್ನು ಅವಳ ಕೈಗೆ ಕೊಟ್ಟು, ಮಂಚದ ತುದಿಯಲ್ಲಿ ಕೂತು, ಚಿಕ್ಕಂದಿನ ಮಾಳಿಗೆಯಿಂದ ಶುರುಮಾಡಿದ. ತಪ್ಪು ಅವಳ ಹಲ್ಲಿನದಲ್ಲ, ಬಾಯಿಯದಲ್ಲ, ಹುಟ್ಟಿದಾಗಿನಿಂದ ತನ್ನ ಕಿವಿಯೇ ಹೀಗೆ ಎಂದು ಹೇಳಿದ. ಕೊಳದ ವಿಷಯಕ್ಕೆ ಬಂದಾಗ ಅತ್ತೆ ಕೈಯೆತ್ತಿ ತಡೆದಳು.

"ಅದು ನನಗೆ ಗೊತ್ತಿತ್ತು ಬಿಡು. ಎಲ್ಲಿಗೆ ಅಂತ ಗೊತ್ತಿರಲಿಲ್ಲ, ಎಲ್ಲಿಗೋ ಹೋಗ್ತೀಯ ಅಂತ ಗೊತ್ತಿತ್ತು. ನಿನ್ನ ಪ್ಯಾಂಟಿನ ಕಾಲಿಗೆ ಹುಲ್ಲಿನ ಮುಳ್ಳು ಅಂಟ್ಕೊಂಡಿರೋದು. ಬಟ್ಟೆ ಒಗೆಯೋಳು ನಾನಲ್ವಾ? ಇವಳು ನೋಡಿ ಬೇರೆ ಏನೋ ಅಂದ್ಕೊಂಡಾಳು ಅಂತ ಒಂದೊಂದಾಗಿ ಕಿತ್ತು ಹಾಕ್ತಿದ್ದೆ."

ಹಲ್ಲಣ್ಣ ತನ್ನ ಪ್ಯಾಂಟಿನ ಅಂಚನ್ನು ನೋಡಿಕೊಂಡ. "ಯಾಕೆ ಕೇಳಲಿಲ್ಲ ನೀವು?"

"ಕೇಳಿದ್ರೆ ನೀನು ಹೋಗೋದು ನಿಲ್ಲಿಸ್ತಿದ್ದೆ. ಹೋಗಿ ಬಂದ ದಿನ ನಿನ್ನ ಮುಖ ಚೆನ್ನಾಗಿರ್ತಿತ್ತು."

"ಒಂದಿನ ನೀವೂ ಬನ್ನಿ ಅತ್ತೆ, ನೋಡೋರಂತೆ."

ಅತ್ತೆ ಬೊಚ್ಚುಬಾಯಲ್ಲೇ ನಕ್ಕಳು. "ನಾನು ಬಂದ್ರೆ ಅದು ಆ ಜಾಗ ಆಗಿರುತ್ತಾ? ಮಾರ್ಕೆಟ್ಟಿನ ಗಂಟಲು ನಂದು. ಹಕ್ಕಿಗಳೇ ಜಾಗ ಖಾಲಿ ಮಾಡ್ತವೆ." ಆಮೇಲೆ ಅವನ ಮೊಣಕಾಲು ತಟ್ಟಿ, "ಮನಸ್ಸಿಗೆ ಹಚ್ಕೋಬೇಡ. ಮುಗೀತು," ಅಂದಳು.

ಅವಳ ಮಟ್ಟಿಗೆ ಅದು ನಿಜವಾಗಿಯೂ ಮುಗಿದಿತ್ತು. ಅವನ ಮಟ್ಟಿಗೆ ಮುಗಿಯಲಿಲ್ಲ. ಅಷ್ಟು ಸುಲಭವಾಗಿ ಸಿಕ್ಕ ಕ್ಷಮೆಯನ್ನು ಎಲ್ಲಿಟ್ಟುಕೊಳ್ಳಬೇಕೆಂದು ಅವನಿಗೆ ತಿಳಿಯಲಿಲ್ಲ.

ಹೊಸ ಸೆಟ್ಟು ಅಚ್ಚುಕಟ್ಟಾಗಿ ಕೂತಿತು. ಒಂದಿಷ್ಟೂ ಸದ್ದಿಲ್ಲ. ಅತ್ತೆ ಮತ್ತೆ ಮೇಜಿಗೆ ಬಂದಳು, ಕೆನ್ನೆ ತುಂಬಿಕೊಂಡಿತು, ಬಟ್ಟೆ ಮೈಗೆ ಹತ್ತಿತು. ಆದರೆ ಅವಳು ಉಣ್ಣುವ ರೀತಿ ಬದಲಾಗಿತ್ತು. ಸಣ್ಣ ಸಣ್ಣ ತುತ್ತು, ಬಿಗಿದ ತುಟಿ, ಪ್ರತಿ ತುತ್ತಿಗೂ ಅಳಿಯನ ಕಡೆ ಒಂದು ಓರೆನೋಟ. ಕತೆ ಹೇಳುತ್ತಿರಲಿಲ್ಲ. "ಆ ತೂತುಪಾತ್ರೆಯವನು ಆಮೇಲೆ ಏನು ಮಾಡಿದ ಅತ್ತೆ?" ಎಂದು ಹಲ್ಲಣ್ಣನೇ ಕೆದಕುತ್ತಿದ್ದ. "ಏನೋ ಮಾಡಿದ ಬಿಡು, ಹಳೇ ಕತೆ. ಊಟ ಮಾಡು ನೀನು" ಎಂದು ಮುಗಿಸಿಬಿಡುತ್ತಿದ್ದಳು. ಯಾವ ಮೌನವನ್ನು ಅವನು ಬೇಡಿಕೊಂಡಿದ್ದನೋ ಅದು ಈಗ ಎದುರಿಗೆ ತಟ್ಟೆ ಹಾಕಿಕೊಂಡು ಕೂತಿತ್ತು. ಹಿಂದಕ್ಕೆ ಕಳಿಸಲು ಅವನಿಗೆ ಬರಲಿಲ್ಲ.

ಕೊಳಕ್ಕೆ ಹೋಗುವುದನ್ನು ಅವನು ಬಿಡಲಿಲ್ಲ. ಬಿಟ್ಟರೆ ಕೆಲವೇ ದಿನಗಳಲ್ಲಿ ಯಾರ ಮೇಲಾದರೂ ಹರಿಹಾಯುತ್ತೇನೆಂದು ಗೊತ್ತಿತ್ತು. ಈಗ ಹೇಳಿಯೇ ಹೋಗುತ್ತಿದ್ದ, ರಜೆಯ ದಿನ ಬೆಳಗ್ಗೆ. ಹೆಂಡತಿಯ ಸಿಟ್ಟೂ ನಿಧಾನವಾಗಿ ಇಳಿದು, ಒಂದೆರಡು ಸಲ ಅವಳೂ ಜೊತೆಗೆ ಬಂದು ಮಾತಿಲ್ಲದೆ ಕೂತು ಹೋದಳು.

ಹೀಗೆ ಒಂದು ಮಧ್ಯಾಹ್ನ ಮೋಟಾರು ಕೆಟ್ಟು ಕೆಲಸ ಬೇಗ ಮುಗಿಯಿತು. ಮನೆಯ ಮೆಟ್ಟಿಲು ಹತ್ತುವಾಗ ಕೆಳಮನೆಯಿಂದ ಅತ್ತೆಯ ದನಿ ಕೇಳಿಸಿತು. ಹಳೆಯ ದನಿ, ಹತ್ತು ಜನರ ತಟ್ಟೆಗಳ ಮೇಲೆ ಕೇಳಿಸುವಂಥದ್ದು. ಹೊಲಿಗೆಯವಳಿಗೆ ಆ ತೂತುಪಾತ್ರೆಯ ಕತೆಯನ್ನೇ ಹೇಳುತ್ತಿದ್ದಳು. ನಡುನಡುವೆ ಕಡಲೆಕಾಯಿ ಕಟುಮ್ಮೆನ್ನುತ್ತಿತ್ತು. "ಅವನು ಪಾತ್ರೇನ ತಲೆ ಮೇಲೆ ಇಟ್ಕೊಂಡು, ನೋಡಮ್ಮ, ಆಕಾಶ ಕಾಣುತ್ತೆ ಅಂತಾನೆ!" ಎಂದವಳೇ ಗಹಗಹಿಸಿ ನಕ್ಕಳು. ಹೊಲಿಗೆಯ ಯಂತ್ರ ನಿಂತು, ಹೊಲಿಗೆಯವಳೂ ನಕ್ಕಳು. ಹಲ್ಲಣ್ಣನ ಕತ್ತು ಎಂದಿನ ಹಾಗೇ ಬಿಗಿಯಿತು, ಅಂಗೈ ಬೆವರಿತು. ಇಷ್ಟೆಲ್ಲ ನೊಂದ ಮೇಲೂ ಕಿವಿ ಒಂದಿಷ್ಟೂ ಬದಲಾಗಿರಲಿಲ್ಲ. ಆದರೂ ಅವನು ಮೆಟ್ಟಿಲ ಕಂಬಿ ಹಿಡಿದುಕೊಂಡು ನಿಂತ. ಕತೆ ಹೇಗೆ ಮುಗಿಯುತ್ತದೆಂದು ಅವನಿಗೆ ಕೇಳಬೇಕಾಗಿತ್ತು.

ಅವನ ಚಪ್ಪಲಿ ಸರಿದ ಸದ್ದಾಯಿತು. ಹೊಲಿಗೆಯವಳು ಬಗ್ಗಿ ನೋಡಿ ಏನೋ ಸನ್ನೆ ಮಾಡಿರಬೇಕು.

"ಶ್, ಅಳಿಯ ಬಂದ," ಅಂದಳು ಅತ್ತೆ. ನಗು ಅರ್ಧಕ್ಕೇ ನಿಂತಿತು.

"ಹೇಳಿ ಅತ್ತೆ, ನಿಲ್ಲಿಸಬೇಡಿ" ಎಂದು ಅವನು ಬಾಗಿಲ ಬಳಿಗೆ ಹೋದ. "ಏನಿಲ್ಲಪ್ಪ, ಸುಮ್ನೆ ಹರಟೆ" ಎಂದು ಅವಳು ಸಿಪ್ಪೆಗಳನ್ನು ಒಟ್ಟುಮಾಡಿ ಎದ್ದುಬಿಟ್ಟಳು. ಮಂಡಿ ಹಿಡಿದುಕೊಂಡು, ಅವನಿಗಿಂತ ಮುಂದೆ, ಒಂದೊಂದೇ ಮೆಟ್ಟಿಲು ಹತ್ತಿದಳು. ಹಿಂದೆ ಅವನು ತುಟಿ ಕಚ್ಚಿಕೊಂಡು ಹತ್ತಿದ.

ಅತ್ತೆ ಆಮೇಲೆ ಬಹಳ ವರ್ಷ ಬದುಕಿದ್ದಳು. ಕೆಲಸ ಬೇಗ ಮುಗಿದ ದಿನ ಹಲ್ಲಣ್ಣ ನೇರ ಮನೆಗೆ ಬರುತ್ತಿರಲಿಲ್ಲ. ಬೀದಿಯ ತಿರುವಿನಲ್ಲಿ ನಿಂತು ಕಿವಿಗೊಡುತ್ತಿದ್ದ. ಹೊಲಿಗೆಯವಳ ಕಿಟಕಿಯಿಂದ ಅತ್ತೆಯ ಮಾತು ಕೇಳಿಸಿದರೆ ಅಲ್ಲೇ ಕಟ್ಟೆಯ ಮೇಲೆ ಕೂರುತ್ತಿದ್ದ. ಅವಳ ಕತೆ ಮುಗಿದು, ನಗು ಮುಗಿದು, ಅವಳು ತಾನಾಗಿ ಮೇಲೆ ಹೋದ ಮೇಲೆಯೇ ಎದ್ದು ಮನೆಗೆ ಬರುತ್ತಿದ್ದ.